ಬಿಸಿಲು ನಮ್ಮದು, ಸವಳು ನೀರೂ ನಮ್ಮದು: ನ್ಯಾನೊ ಪೊರೆ ಎಲ್ಲಿ ಕೆಲಸಕ್ಕೆ ಬಂದೀತು?

ಕಲಬುರಗಿ, ಯಾದಗಿರಿ ಕಡೆಯ ಬಹಳಷ್ಟು ಹಳ್ಳಿಗಳಲ್ಲಿ ಈಗ ನೀರು ಎರಡು ಥರ. ಬಳಸೋಕೆ ಬೋರ್ ನೀರು, ಕುಡಿಯೋಕೆ ಫಿಲ್ಟರ್ ನೀರು. ಫಿಲ್ಟರ್ ನೀರು ಸಿಗುವುದು ಶುದ್ಧ ಕುಡಿಯುವ ನೀರಿನ ಘಟಕದಲ್ಲಿ. ಮುಂದೆ ನಾಣ್ಯ ಹಾಕುವ ಡಬ್ಬಿ, ಒಂದು ನಳ, ಸಾಲಾಗಿ ಇಟ್ಟ ಕ್ಯಾನುಗಳು. ಇದು ಎಲ್ಲರೂ ನೋಡಿರುವುದೇ. ಘಟಕದ ಹಿಂದೆ ಹೋಗಿ ನೋಡಿದವರು ಕಡಿಮೆ. ಅಲ್ಲಿ ಗೋಡೆಯಿಂದ ಒಂದು ಪೈಪು ಹೊರಗೆ ಬಂದಿರುತ್ತದೆ. ಮೋಟರ್ ಓಡುವಷ್ಟು ಹೊತ್ತೂ ಅದರಿಂದ ನೀರು ಸುರಿಯುತ್ತಿರುತ್ತದೆ. ಪೈಪಿನ ಬಾಯಿಗೆ ಸುಣ್ಣ ಕಟ್ಟಿರುತ್ತದೆ. ನೀರು ಹರಿದ ಜಾಗ ಒಣಗಿದರೆ ನೆಲದ ಮೇಲೆ ಬೆಳ್ಳಗೆ ಉಪ್ಪು ಏಳುತ್ತದೆ. ಪಕ್ಕದಲ್ಲಿ ಜಾಲಿ ಗಿಡ ಬಿಟ್ಟರೆ ಬೇರೇನೂ ಚೆನ್ನಾಗಿ ಬೆಳೆದಿರುವುದಿಲ್ಲ.

ಘಟಕದ ಒಳಗಿರುವುದು ಆರ್‌ಒ ಯಂತ್ರ. ಅದು ಉಪ್ಪನ್ನು ಇಲ್ಲವಾಗಿಸುವುದಿಲ್ಲ. ಒಂದು ಕಡೆಯಿಂದ ತೆಗೆದು ಇನ್ನೊಂದು ಕಡೆಗೆ ತಳ್ಳುತ್ತದೆ, ಅಷ್ಟೇ. ಲೆಕ್ಕ ಸುಲಭ. ಬೋರ್ ನೀರಿನ ಟಿಡಿಎಸ್, ಅಂದರೆ ಕರಗಿದ ಲವಣಗಳ ಒಟ್ಟು ಪ್ರಮಾಣ, ಲೀಟರಿಗೆ 2,000 ಮಿಲಿಗ್ರಾಂ ಇದೆ ಅಂದುಕೊಳ್ಳಿ. ಅರ್ಧ ನೀರು ಕ್ಯಾನಿಗೆ, ಅರ್ಧ ಚರಂಡಿಗೆ ಹೋದರೆ ಚರಂಡಿಯ ನೀರಿನ ಟಿಡಿಎಸ್ ಸುಮಾರು 4,000 ಆಯಿತು. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಇದು 500 ಒಳಗಿದ್ದರೆ ಒಳ್ಳೆಯದು, ಬೇರೆ ಗತಿಯೇ ಇಲ್ಲದಿದ್ದರೆ 2,000 ತನಕ ನಡೆಯುತ್ತದೆ. ಚೆನ್ನೈಯಂಥ ಊರಲ್ಲಾದರೆ ಈ ಉಪ್ಪಿನ ನೀರನ್ನು ಸಮುದ್ರಕ್ಕೆ ಬಿಡುತ್ತಾರೆ. ನಮಗೆ ಸಮುದ್ರ ಇಲ್ಲ. ಚರಂಡಿಗೆ ಬಿಟ್ಟದ್ದು ನೆಲಕ್ಕೆ ಇಂಗುತ್ತದೆ, ನೆಲಕ್ಕೆ ಇಂಗಿದ್ದು ತಿರುಗಿ ಅದೇ ಬೋರಿಗೆ ಬರುತ್ತದೆ.

ಈ ಹಿಂದಿನ ಪೈಪಿನ ನೀರಿಗೆ ಏನಾದರೂ ಮಾಡಬಹುದಾ ಅನ್ನುವ ಪ್ರಶ್ನೆಗೆ ವಿಜ್ಞಾನಿಗಳು ಕೊಡುತ್ತಿರುವ ಉತ್ತರಗಳಲ್ಲಿ ಒಂದು ಮೆಂಬ್ರೇನ್ ಡಿಸ್ಟಿಲೇಶನ್. ಪೊರೆಯ ಮೂಲಕ ಬಟ್ಟಿ ಇಳಿಸುವುದು. ಆ ಪೊರೆಗೆ ನ್ಯಾನೊ ಕಣ ಸೇರಿಸಿ ಇಷ್ಟು ಸುಧಾರಣೆ ಮಾಡಿದೆವು, ಅಷ್ಟು ಮಾಡಿದೆವು ಅನ್ನುವ ಸುದ್ದಿ ಆಗಾಗ ಬರುತ್ತಲೇ ಇರುತ್ತದೆ. ಓದಿದರೆ ನಾಳೆಯೇ ಊರಿನ ಘಟಕಕ್ಕೆ ಬಂದುಬಿಡುತ್ತದೆ ಅನ್ನಿಸುತ್ತದೆ. ಹಾಗಿಲ್ಲ. ಹಾಗಂತ ಸುಮ್ನೆ ತಳ್ಳಿಹಾಕುವ ವಿಷಯವೂ ಅಲ್ಲ. ಪೊರೆ ಎಷ್ಟು ಚೆನ್ನಾಗಿದೆ ಅನ್ನುವುದಕ್ಕಿಂತ ಅದನ್ನು ಎಲ್ಲಿ ಹಾಕುತ್ತೀರಿ, ಬಿಸಿ ಎಲ್ಲಿಂದ ತರುತ್ತೀರಿ ಅನ್ನುವುದೇ ದೊಡ್ಡ ಪ್ರಶ್ನೆ ಅಂತ ನನ್ನ ಅಭಿಪ್ರಾಯ.

ಕುದಿಸದೆ ಬಟ್ಟಿ ಇಳಿಸುವುದು

ಆರ್‌ಒದಲ್ಲಿ ಪಂಪು ನೀರನ್ನು ಒತ್ತಿ ಪೊರೆಯ ಮೂಲಕ ದಾಟಿಸುತ್ತದೆ. ಉಪ್ಪು ಹಿಂದೆ ಉಳಿಯುತ್ತದೆ. ಮೆಂಬ್ರೇನ್ ಡಿಸ್ಟಿಲೇಶನ್‌ನಲ್ಲಿ ನೀರು ಪೊರೆಯನ್ನು ದಾಟುವುದೇ ಇಲ್ಲ, ಆವಿ ಮಾತ್ರ ದಾಟುತ್ತದೆ. ಪೊರೆಯ ಒಂದು ಬದಿಗೆ 50ರಿಂದ 80 ಡಿಗ್ರಿ ಬಿಸಿಯ ಉಪ್ಪು ನೀರು, ಇನ್ನೊಂದು ಬದಿ ತಂಪು. ನಡುವಿನ ಪೊರೆ ನೀರು ಹಿಡಿಯದ ಪ್ಲಾಸ್ಟಿಕ್‌ನದು. ಪಿವಿಡಿಎಫ್, ಪಿಟಿಎಫ್‌ಇ (ನಾನ್‌ಸ್ಟಿಕ್ ತವೆಗೆ ಬಳಿಯುವ ಟೆಫ್ಲಾನ್ ಇದೇ), ಪಾಲಿಪ್ರೊಪಿಲೀನ್, ಈ ಮೂರೇ ಜಾಸ್ತಿ ಬಳಕೆಯಲ್ಲಿರುವುದು. ಪೊರೆಯ ತುಂಬ ಸಣ್ಣ ಸಣ್ಣ ರಂಧ್ರ. ಒಂದೊಂದರ ಅಗಲ ಸಾಮಾನ್ಯವಾಗಿ ಮೈಕ್ರಾನಿನ ಹತ್ತನೇ ಒಂದು ಭಾಗದಿಂದ ಒಂದು ಮೈಕ್ರಾನ್ ತನಕ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ). ನೀರು ಆ ರಂಧ್ರದೊಳಗೆ ನುಗ್ಗುವುದಿಲ್ಲ, ಬಾಯಲ್ಲೇ ನಿಲ್ಲುತ್ತದೆ. ಅಲ್ಲಿಂದ ಎದ್ದ ಆವಿ ರಂಧ್ರದಲ್ಲಿ ಸಾಗಿ, ತಂಪು ಬದಿಯಲ್ಲಿ ಮತ್ತೆ ನೀರಾಗುತ್ತದೆ. ಉಪ್ಪು, ಫ್ಲೋರೈಡ್, ನೈಟ್ರೇಟ್, ಆರ್ಸೆನಿಕ್ ಇವು ಯಾವುವೂ ಆವಿಯಾಗುವುದಿಲ್ಲ. ಹಾಗಾಗಿ ಎಲ್ಲ ಬಿಸಿ ಬದಿಯಲ್ಲೇ ಉಳಿಯುತ್ತವೆ.

ಇದನ್ನು ನಡೆಸುವುದು ಎರಡೂ ಬದಿಯ ಆವಿಯ ಒತ್ತಡದ ವ್ಯತ್ಯಾಸ. 20 ಡಿಗ್ರಿ ನೀರಿನ ಆವಿಯ ಒತ್ತಡ 2.3 ಕಿಲೊಪಾಸ್ಕಲ್. 60 ಡಿಗ್ರಿಯಲ್ಲಿ ಅದು ಸುಮಾರು 20. ಪ್ರಬಂಧಗಳಲ್ಲಿ ಈ 60 ಮತ್ತು 20ರ ಜೋಡಿ ತುಂಬ ಕಾಣಿಸುತ್ತದೆ. ಯುರೋಪಿನ ಲ್ಯಾಬಿಗೆ ಸರಿ, ಕಲಬುರಗಿಯ ಮೇ ತಿಂಗಳಿಗೆ ಅಲ್ಲ. ಇಲ್ಲಿ ಮಾಳಿಗೆ ಮೇಲಿನ ಸಿಂಟೆಕ್ಸ್ ನೀರಲ್ಲಿ ಮಧ್ಯಾಹ್ನ ಕೈ ಇಡೋಕಾಗಲ್ಲ. ತಂಪು ಬದಿಗೆ 35 ಡಿಗ್ರಿ ನೀರು ಸಿಕ್ಕರೂ ಪುಣ್ಯ. ಅದರ ಆವಿಯ ಒತ್ತಡ 5.6 ಕಿಲೊಪಾಸ್ಕಲ್. ಅಂದರೆ ವ್ಯತ್ಯಾಸ 17.6ರಿಂದ 14.3ಕ್ಕೆ ಇಳಿಯಿತು. ಪೊರೆಗೆ ಏನೂ ಆಗಿಲ್ಲ, ಬರೀ ನಮ್ಮ ಹವೆಯಿಂದಲೇ ಐದರಲ್ಲಿ ಒಂದು ಪಾಲು ನೀರು ಕಡಿಮೆ. ಬಿಸಿಲುನಾಡಿಗೆ ಇದು ಹೇಳಿ ಮಾಡಿಸಿದ ತಂತ್ರಜ್ಞಾನ ಅಂತ ಭಾಷಣ ಮಾಡುವವರು ಈ ತಂಪಿನ ವಿಷಯ ಎತ್ತುವುದೇ ಇಲ್ಲ. ಇದಕ್ಕೊಂದು ಉಪಾಯ ಇದೆ. ಬೋರಿನಿಂದ ಈಗಷ್ಟೇ ಬಂದ ನೀರು ಟ್ಯಾಂಕಿನ ನೀರಿಗಿಂತ ತಂಪಾಗಿರುತ್ತದೆ. ಮೊದಲು ಅದನ್ನೇ ತಂಪು ಬದಿಗೆ ಹರಿಸಬೇಕು. ಆವಿಯ ಬಿಸಿ ಹೀರಿ ಅದು ಬೆಚ್ಚಗಾಗುತ್ತದೆ. ಆಮೇಲೆ ಇನ್ನಷ್ಟು ಕಾಯಿಸಿ ಬಿಸಿ ಬದಿಗೆ ಬಿಡಬೇಕು. ಒಂದೇ ನೀರಿನಿಂದ ಎರಡು ಕೆಲಸ. ಬಿಸಿಯೂ ಉಳಿಯುತ್ತದೆ.

ಇದು ಹೊಸ ಕಲ್ಪನೆಯೇನಲ್ಲ. 1963ರಲ್ಲೇ ಅಮೆರಿಕದಲ್ಲಿ ಬಾಡೆಲ್ ಅನ್ನುವವರು ಪೇಟೆಂಟಿಗೆ ಅರ್ಜಿ ಹಾಕಿದ್ದರು. 1967ರಲ್ಲಿ ಫಿಂಡ್ಲೆ ಅವರ ಪ್ರಬಂಧ ಬಂತು. ಆದರೆ ಅದೇ ಹೊತ್ತಿಗೆ ಕ್ಯಾಲಿಫೋರ್ನಿಯಾದಲ್ಲಿ ಲೋಬ್ ಮತ್ತು ಸೌರಿರಾಜನ್ ರೂಪಿಸಿದ ಆರ್‌ಒ ಪೊರೆ ಗೆದ್ದುಬಿಟ್ಟಿತ್ತು. ಗೆಲ್ಲಲು ಕಾರಣ ವಿದ್ಯುತ್ತಿನ ಲೆಕ್ಕ. ಅದಕ್ಕೆ ಆಮೇಲೆ ಬರೋಣ. ಮೊದಲು ಪೊರೆ.

ಪೊರೆಗೆ ಬರುವ ಕಾಯಿಲೆಗಳು

ಈ ಪೊರೆಗೆ ಮುಖ್ಯವಾಗಿ ಮೂರು ಕಷ್ಟ. ಒಂದು, ಒದ್ದೆಯಾಗುವುದು. ನೀರಿನಲ್ಲಿ ಸೋಪು, ಎಣ್ಣೆ, ಮದ್ಯಸಾರದಂಥ ದ್ರಾವಕ ಇದ್ದರೆ ನೀರಿನ ಮೇಲ್ಮೈ ಬಿಗಿತ ಸಡಿಲವಾಗುತ್ತದೆ. ಆಗ ರಂಧ್ರದ ಬಾಯಲ್ಲಿ ನಿಂತಿದ್ದ ನೀರು ಒಳಗೆ ನುಗ್ಗುತ್ತದೆ. ಒಮ್ಮೆ ನುಗ್ಗಿದರೆ ಉಪ್ಪು ನೀರೇ ಆಚೆ ಬದಿಗೆ ಸೋರತೊಡಗುತ್ತದೆ. ಪೊರೆಯನ್ನು ಬಿಚ್ಚಿ, ತೊಳೆದು, ಒಣಗಿಸಬೇಕು. ಎರಡು, ಬಿಸಿ ನೀರು ಪೊರೆಗೆ ತಾಗುವ ಜಾಗದಲ್ಲೇ ತಣ್ಣಗಾಗುವುದು. ಆವಿ ಏಳುವಾಗ ಶಾಖವನ್ನೂ ಒಯ್ಯುತ್ತದೆ. ಪೈಪಿನಲ್ಲಿ 60 ಡಿಗ್ರಿ ಇದ್ದರೂ ಪೊರೆಯ ಮೈಮೇಲೆ ಅದಕ್ಕಿಂತ ಕಡಿಮೆ ಇರುತ್ತದೆ. ಮೂರು, ಗಸಿ ಕಟ್ಟುವುದು, ಅಂದರೆ ಪೊರೆಯ ಮೇಲೆ ಸುಣ್ಣದಂಥ ಗಟ್ಟಿ ಪದರ ಕೂರುವುದು. ನಮ್ಮ ಕಡೆ ನಿಜವಾದ ವೈರಿ ಇದೇ, ಇದನ್ನು ಆಮೇಲೆ ಬಿಡಿಸಿ ಹೇಳುತ್ತೇನೆ.

ನ್ಯಾನೊ ಪದಾರ್ಥಗಳು ಬರುವುದು ಇಲ್ಲಿ. ನ್ಯಾನೊ ಅಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಭಾಗದ ಅಳತೆ. ಅಂಥ ಕಣವನ್ನು ಪೊರೆಗೆ ಸೇರಿಸುವ ದಾರಿಗಳಲ್ಲಿ ಒಂದನ್ನು ಹತ್ತಿರದಿಂದ ನೋಡೋಣ. ಪಿವಿಡಿಎಫ್ ಬಿಳಿ ಪುಡಿಯ ರೂಪದಲ್ಲಿ ಬರುತ್ತದೆ. ಅದನ್ನು ಡಿಎಂಎಫ್ ಥರದ ದ್ರಾವಕದಲ್ಲಿ ಹಾಕಿ, ಬೆಚ್ಚಗಿಟ್ಟು, ಗಂಟೆಗಟ್ಟಲೆ ಕಲಕಿದರೆ ಜೇನಿನಷ್ಟು ಮಂದವಾದ, ಅಂಟಂಟಾದ ದ್ರವ ಸಿಗುತ್ತದೆ. ಅದಕ್ಕೇ ನ್ಯಾನೊ ಕಣಗಳನ್ನು ಬೆರೆಸುತ್ತಾರೆ. ಬೆರೆಸಿದ್ದನ್ನು ಗಾಜಿನ ಹಲಗೆ ಮೇಲೆ ಸುರಿದು, ಅಲಗಿನಿಂದ ತೆಳ್ಳಗೆ ಎಳೆದು, ಹಲಗೆಯನ್ನು ಹಾಗೇ ನೀರಿನ ತೊಟ್ಟಿಗೆ ಇಳಿಸುತ್ತಾರೆ. ದ್ರಾವಕ ನೀರಿಗೆ ಹೋಗುತ್ತದೆ, ಪ್ಲಾಸ್ಟಿಕ್ ಗಟ್ಟಿಯಾಗುತ್ತದೆ. ಪಾರದರ್ಶಕವಾಗಿದ್ದ ಪದರ ನೋಡನೋಡುತ್ತಿದ್ದಂತೆ ಹಾಲಿನ ಬಣ್ಣಕ್ಕೆ ತಿರುಗುತ್ತದೆ. ಆ ಬಿಳುಪೇ ರಂಧ್ರಗಳು ಆಗಿರುವುದರ ಗುರುತು. ಇನ್ನೊಂದು ದಾರಿಯೂ ಇದೆ. ಸಾವಿರಾರು ವೋಲ್ಟ್ ವಿದ್ಯುತ್ ಹಾಯಿಸಿ, ಸೂಜಿಯ ತುದಿಯಿಂದ ಕೂದಲಿಗಿಂತ ಎಷ್ಟೋ ಪಟ್ಟು ತೆಳುವಾದ ನೂಲು ಎಳೆದು, ಆ ನೂಲುಗಳ ಚಾಪೆ ಮಾಡುವುದು. ಇದಕ್ಕೆ ಎಲೆಕ್ಟ್ರೋಸ್ಪಿನ್ನಿಂಗ್ ಅನ್ನುತ್ತಾರೆ.

ಯಾವ ಕಣ ಯಾವುದಕ್ಕೆ? ಒದ್ದೆಯಾಗುವುದನ್ನು ತಡೆಯಲು ಸಿಲಿಕಾ, ಟೈಟಾನಿಯಂ ಡೈಆಕ್ಸೈಡ್ ಕಣಗಳು. ಇವು ಪೊರೆಯ ಮೈಯನ್ನು ತರಿತರಿ ಮಾಡುತ್ತವೆ. ತಾವರೆ ಎಲೆಯ ಮೇಲೆ ನೀರು ಉರುಳುತ್ತದಲ್ಲ, ಅದರ ಗುಟ್ಟೂ ಇದೇ. ಎಲೆಯ ಮೈಮೇಲೆ ಕಣ್ಣಿಗೆ ಕಾಣದ ಉಬ್ಬುಗಳು, ಅವುಗಳ ಮೇಲೆ ಮೇಣ. ಹನಿ ಉಬ್ಬುಗಳ ತುದಿಯಲ್ಲಿ ಕೂರುತ್ತದೆ, ಅಡಿಯಲ್ಲಿ ಗಾಳಿ ಉಳಿಯುತ್ತದೆ. ಪೊರೆಯಲ್ಲಿ ಉಬ್ಬಿನ ಕೆಲಸ ಸಿಲಿಕಾ ಮಾಡುತ್ತದೆ, ಮೇಣದ ಕೆಲಸ ಫ್ಲೋರಿನ್ ಇರುವ ಲೇಪ ಮಾಡುತ್ತದೆ. ನೀರಿನ ಹನಿ ಪೊರೆಯ ಮೇಲೆ ಕೂರುವ ಕೋನ 150 ಡಿಗ್ರಿ ದಾಟಿತು ಅಂದರೆ ಕೆಲಸ ಆಯಿತು ಅಂತ ಅರ್ಥ. ನೀರಷ್ಟೇ ಅಲ್ಲ, ಎಣ್ಣೆಯನ್ನೂ ಒಳಗೆ ಬಿಡದ ಪೊರೆಗಳನ್ನು ಇದೇ ದಾರಿಯಲ್ಲಿ ಮಾಡಿದ್ದಾರೆ.

ಆವಿ ಬೇಗ ದಾಟಲಿ ಅನ್ನುವುದಕ್ಕೆ ಕಾರ್ಬನ್ ನ್ಯಾನೊಟ್ಯೂಬ್, ಅಂದರೆ ಇಂಗಾಲದ ಅತಿ ಸಣ್ಣ ಕೊಳವೆಗಳು. ನ್ಯೂಜೆರ್ಸಿ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ ಸೋಮನಾಥ ಮಿತ್ರ ಅವರ ತಂಡ ಇದರ ಮೇಲೆ ಬಹಳ ಕೆಲಸ ಮಾಡಿದೆ. ಈ ಕೊಳವೆಗಳ ಮೈಗೆ ಆವಿಯ ಕಣಗಳು ಅಂಟಿ, ಬಿಟ್ಟು, ಮತ್ತೆ ಅಂಟಿ ಸಾಗುವುದರಿಂದ ಆವಿಗೆ ಒಂದು ಹೆಚ್ಚುವರಿ ದಾರಿ ಸಿಗುತ್ತದೆ ಅನ್ನುವುದು ಅವರ ವಿವರಣೆ. ಇಂಗಾಲದ ಅತಿ ತೆಳು ಹಾಳೆಯಾದ ಗ್ರ್ಯಾಫೀನ್, ಗ್ರ್ಯಾಫೀನ್ ಆಕ್ಸೈಡ್ ಮೇಲೂ ಇಂಥದೇ ಪ್ರಯೋಗಗಳು ನಡೆದಿವೆ.

ಎರಡನೇ ಕಷ್ಟಕ್ಕೆ, ಅಂದರೆ ಪೊರೆಯ ಮೈಮೇಲೆ ತಣ್ಣಗಾಗುವುದಕ್ಕೆ ಸಿಕ್ಕ ಉಪಾಯ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು. ನೀರನ್ನು ಬೇರೆಲ್ಲೋ ಕಾಯಿಸಿ ತರುವುದು ಯಾಕೆ, ಪೊರೆಯ ಮೈಯನ್ನೇ ಕಾಯಿಸಿದರಾಯಿತು! 2017ರಲ್ಲಿ ಅಮೆರಿಕದ ರೈಸ್ ವಿಶ್ವವಿದ್ಯಾಲಯದ ತಂಡ ಇದನ್ನು ಮಾಡಿ ತೋರಿಸಿತು. ಸಾಮಾನ್ಯ ಪೊರೆಯ ಮೇಲೆ ಮಸಿಯ ನ್ಯಾನೊ ಕಣಗಳಿರುವ ಪದರ ಕೂರಿಸಿದರು. ಬಿಸಿಲು ಬಿದ್ದ ಕಡೆ ಮಸಿ ಕಾಯುತ್ತದೆ, ಅದಕ್ಕೆ ತಾಗಿದ ನೀರು ಅಲ್ಲೇ ಆವಿಯಾಗುತ್ತದೆ. ಬಾಯ್ಲರ್ ಬೇಡ, ಹೀಟರ್ ಬೇಡ. ಬೇಸಿಗೆಯಲ್ಲಿ 42 ಡಿಗ್ರಿ ದಾಟುವ ಊರಿನವರಿಗೆ ಇದನ್ನು ಓದಿದರೆ ಆಸೆ ಆಗದೇ ಇರುತ್ತದಾ?

ಆದರೆ ಪ್ರತಿಯೊಂದಕ್ಕೂ ಒಂದು ಬೆಲೆ ಇದೆ. ನ್ಯಾನೊ ಕಣ ಸ್ವಲ್ಪ ಜಾಸ್ತಿಯಾದರೂ ಗಂಟು ಕಟ್ಟುತ್ತದೆ. ಗಂಟು ಕಟ್ಟಿದ ಕಡೆ ರಂಧ್ರ ದೊಡ್ಡದಾಗುತ್ತದೆ, ಪೊರೆ ಸೀಳುತ್ತದೆ, ಇಲ್ಲವೇ ಅಲ್ಲಿಂದಲೇ ನೀರು ಸೋರುತ್ತದೆ. ಹಾಗಾಗಿ ಒಳ್ಳೆಯ ಫಲ ಸಿಗುವುದು ಸಾಮಾನ್ಯವಾಗಿ ತೀರಾ ಕಡಿಮೆ ಪ್ರಮಾಣದಲ್ಲಿ. ಇನ್ನೊಂದು ವಿಚಿತ್ರವೂ ಇದೆ. ನ್ಯಾನೊಟ್ಯೂಬ್, ಗ್ರ್ಯಾಫೀನ್ ಶಾಖವನ್ನು ಬಹಳ ಚೆನ್ನಾಗಿ ಸಾಗಿಸುತ್ತವೆ. ಈ ಪೊರೆಯಲ್ಲಿ ಆವಿ ದಾಟಬೇಕು, ಆದರೆ ಶಾಖ ಬರಿದೇ ದಾಟಬಾರದು. ಇಡೀ ಪೊರೆಗೆ ಈ ಕಣ ತುಂಬಿದರೆ ಬಿಸಿ ಬದಿಯ ಶಾಖ ಆವಿ ಮಾಡದೆಯೇ ತಂಪು ಬದಿಗೆ ಸೋರಿಹೋಗುತ್ತದೆ. ಅದಕ್ಕೇ ಜಾಣರು ಮೇಲಿನ ತೆಳು ಪದರಕ್ಕೆ ಮಾತ್ರ ಕಣ ಹಾಕಿ, ಕೆಳಗಿನ ಪದರವನ್ನು ಬರೀ ಪ್ಲಾಸ್ಟಿಕ್, ಗಾಳಿ ಅಂತ ಬಿಡುತ್ತಾರೆ. ಎಷ್ಟು ನೀರು ಬಂತು ಅಂತ ಮಾತ್ರ ಹೇಳಿ, ಅದಕ್ಕೆ ಎಷ್ಟು ಶಾಖ ಹೋಯಿತು ಅಂತ ಹೇಳದ ಸುದ್ದಿ ಕಂಡರೆ ಸ್ವಲ್ಪ ಅನುಮಾನ ಇಟ್ಟುಕೊಳ್ಳುವುದು ಒಳ್ಳೆಯದು.

ಶಾಖದ ಲೆಕ್ಕ, ಗುಂಟೆಗಳಲ್ಲಿ

ಒಂದು ಸಾವಿರ ಲೀಟರ್ ನೀರನ್ನು ಆವಿ ಮಾಡಲು ಬೇಕಾಗುವ ಶಾಖ ಸುಮಾರು 640 ಯೂನಿಟ್ (ಕರೆಂಟ್ ಬಿಲ್ಲಿನ ಯೂನಿಟ್ಟೇ, ಅಂದರೆ ಕಿಲೊವ್ಯಾಟ್-ಗಂಟೆ). ಇದು ಪ್ರಕೃತಿಯ ನಿಯಮ. ಯಾವ ನ್ಯಾನೊ ಕಣವೂ ಇದನ್ನು ಬದಲಾಯಿಸುವುದಿಲ್ಲ. ಸಮುದ್ರದ ನೀರಿನಿಂದ ಸಾವಿರ ಲೀಟರ್ ಸಿಹಿ ನೀರು ತೆಗೆಯಲು ಆರ್‌ಒಗೆ 3ರಿಂದ 4 ಯೂನಿಟ್ ಸಾಕು. ನಮ್ಮ ಬೋರ್ ನೀರಿಗೆ ಇನ್ನೂ ಕಡಿಮೆ. ಆರ್‌ಒ ಗೆದ್ದದ್ದು ಯಾಕೆ ಅಂತ ಈಗ ಗೊತ್ತಾಯಿತಲ್ಲ?

ಬಿಸಿಲು ಪುಕ್ಕಟೆ ಅಲ್ವಾ ಅಂತ ಕೇಳಬಹುದು. ಬಿಸಿಲು ಪುಕ್ಕಟೆ, ಜಾಗ ಪುಕ್ಕಟೆ ಅಲ್ಲ. 2,000 ಜನರ ಊರು. ತಲೆಗೆ ದಿನಕ್ಕೆ 5 ಲೀಟರ್ ಕುಡಿಯುವ ನೀರು. ಒಟ್ಟು 10,000 ಲೀಟರ್. ಅದಕ್ಕೆ 6,400 ಯೂನಿಟ್ ಶಾಖ. ನಮ್ಮ ಕಡೆ ಒಂದು ಚದರ ಮೀಟರ್ ಜಾಗಕ್ಕೆ ದಿನಕ್ಕೆ ಐದೂವರೆ ಯೂನಿಟ್ ಬಿಸಿಲು ಬೀಳುತ್ತದೆ, ಅದರಲ್ಲಿ ಅರ್ಧ ಶಾಖವಾಗಿ ಸಿಗುತ್ತದೆ ಅಂತ ಹಿಡಿದರೆ, ಬೇಕಾಗುವುದು ಸುಮಾರು 2,300 ಚದರ ಮೀಟರ್. ಅಂದರೆ 23 ಗುಂಟೆ. ಅರ್ಧ ಎಕರೆಗೂ ಮೀರಿ ಗಾಜು, ಪೈಪು ಹಾಸಬೇಕು. ಅದೇ 10,000 ಲೀಟರನ್ನು ಆರ್‌ಒದಿಂದ ತೆಗೆಯಲು ಘಟಕದ ಚಾವಣಿಯ ಮೇಲಿನ ನಾಲ್ಕೈದು ಕಿಲೊವ್ಯಾಟ್ ಸೋಲಾರ್ ಪ್ಯಾನೆಲ್ ಹೆಚ್ಚೂಕಡಿಮೆ ಸಾಕು.

ಇದು ಬರೀ ಕಾಗದದ ಲೆಕ್ಕ ಅಲ್ಲ. ಗುಜರಾತಿನ ಭಾವನಗರದ ಕೇಂದ್ರೀಯ ಉಪ್ಪು ಮತ್ತು ಸಮುದ್ರ ರಾಸಾಯನಿಕ ಸಂಶೋಧನಾ ಸಂಸ್ಥೆ 1978ರಲ್ಲಿ ಅವಾನಿಯಾ ಅನ್ನುವ ಹಳ್ಳಿಯಲ್ಲಿ ಬಿಸಿಲಿನಿಂದ ನೀರು ಬಟ್ಟಿ ಇಳಿಸುವ ಸ್ಥಾವರ ಕಟ್ಟಿತ್ತು. ದಿನಕ್ಕೆ 5,000 ಲೀಟರ್ ಸಾಮರ್ಥ್ಯ. ಅದಕ್ಕೆ ಹಿಡಿದ ಜಾಗ ಸುಮಾರು 1,870 ಚದರ ಮೀಟರ್. ಅಲ್ಲಿ ಪೊರೆ ಇರಲಿಲ್ಲ, ಗಾಜಿನ ಮುಚ್ಚಳದ ತೊಟ್ಟಿಗಳು ಮಾತ್ರ.

ಶಾಖವನ್ನು ಮತ್ತೆ ಮತ್ತೆ ಬಳಸಿದರೆ ಲೆಕ್ಕ ಬದಲಾಗುತ್ತದೆ. ಆವಿ ನೀರಾಗುವಾಗ ಬಿಡುವ ಶಾಖವನ್ನು ಹಿಡಿದು ಮುಂದಿನ ನೀರನ್ನು ಕಾಯಿಸಬಹುದು. ಮೇಲೆ ಹೇಳಿದ ಬೋರ್ ನೀರಿನ ಉಪಾಯ ಇದೇ ಜಾತಿಯದು. ಹೀಗೆ ಒಂದು ಯೂನಿಟ್ ಶಾಖದಿಂದ ಐದು ಯೂನಿಟ್‌ನಷ್ಟು ಕೆಲಸ ತೆಗೆದರೆ 23 ಗುಂಟೆ ಐದು ಗುಂಟೆಯ ಒಳಗೆ ಬರುತ್ತದೆ. ಆದರೆ ಪಂಪು, ಶಾಖ ವಿನಿಮಯದ ಯಂತ್ರ, ಅದನ್ನು ನೋಡಿಕೊಳ್ಳುವ ತಿಳಿದ ಮನುಷ್ಯ ಎಲ್ಲ ಬೇಕು. ಆರ್‌ಒ ಘಟಕದ ಫಿಲ್ಟರ್ ಕೆಟ್ಟರೇ ತಿಂಗಳುಗಟ್ಟಲೆ ಬೀಗ ಬೀಳುವುದನ್ನು ನೋಡಿರುವ ನಮಗೆ ಇದು ಆಗುವ ಮಾತಾ?

ಹಾಗಾಗಿ ನೇರವಾಗಿ ಹೇಳಿಬಿಡುತ್ತೇನೆ. ಊರ ಮಧ್ಯದ ಘಟಕದಲ್ಲಿ ಆರ್‌ಒ ತೆಗೆದು ನ್ಯಾನೊ ಪೊರೆ ಹಾಕಿ ಅನ್ನುವುದಕ್ಕೆ ಸದ್ಯಕ್ಕೆ ಅರ್ಥ ಇಲ್ಲ.

ಹಾಗಾದರೆ ಎಲ್ಲಿ?

ಎಲ್ಲಿ ಆರ್‌ಒ ಕೈಚೆಲ್ಲುತ್ತದೋ ಅಲ್ಲಿ. ನೀರಿನಲ್ಲಿ ಉಪ್ಪು ಹೆಚ್ಚಿದಷ್ಟೂ ಆರ್‌ಒ ಪಂಪು ಇನ್ನಷ್ಟು ಒತ್ತಬೇಕು. ಸಮುದ್ರದ ನೀರಿಗೆ 55ರಿಂದ 70 ಬಾರ್ ಒತ್ತಡ. ಲೀಟರಿಗೆ 70 ಗ್ರಾಂ ಉಪ್ಪಿನ ಆಸುಪಾಸು ಬಂದರೆ ಮಾಮೂಲಿ ಆರ್‌ಒ ಅಲ್ಲಿಗೆ ನಿಂತಿತು. ಆವಿಗೆ ಈ ತಕರಾರು ಇಲ್ಲ. ಲೀಟರಿಗೆ 70 ಗ್ರಾಂ ಉಪ್ಪು ಇದ್ದರೂ ನೀರಿನ ಆವಿಯ ಒತ್ತಡ ಇಳಿಯುವುದು ನೂರಕ್ಕೆ ನಾಲ್ಕರ ಹತ್ತಿರ, ಅಷ್ಟೇ. 200 ಗ್ರಾಂ ತನಕವೂ ಮೆಂಬ್ರೇನ್ ಡಿಸ್ಟಿಲೇಶನ್ ಕೆಲಸ ಮಾಡುತ್ತದೆ.

ಅಷ್ಟು ಉಪ್ಪಿನ ನೀರು ನಮ್ಮಲ್ಲಿ ಎಲ್ಲಿದೆ? ಬೀದರಿನ ಕೊಳಾರ, ಯಾದಗಿರಿಯ ಕಡೇಚೂರು-ಬಾಡಿಯಾಳ ಕೈಗಾರಿಕಾ ಪ್ರದೇಶಗಳನ್ನು ನೆನಪಿಸಿಕೊಳ್ಳಿ. ಔಷಧ, ರಾಸಾಯನಿಕ ಕಾರ್ಖಾನೆಗಳ ಜಾಗಗಳು ಅವು. ವಾಸನೆ, ತ್ಯಾಜ್ಯ ನೀರಿನ ಬಗ್ಗೆ ಸುತ್ತಲಿನ ಜನರ ತಕರಾರು ಹಳೆಯದು. ಹೊರಗೆ ಒಂದು ಹನಿಯೂ ಬಿಡಬಾರದು ಅನ್ನುವ ಷರತ್ತು ಇರುವ ಕಾರ್ಖಾನೆಗಳು ಮೊದಲು ಆರ್‌ಒ ಬಳಸುತ್ತವೆ, ಉಳಿದ ಗಟ್ಟಿ ಉಪ್ಪು ನೀರನ್ನು ಎಂಇಇ ಅನ್ನುವ ದೊಡ್ಡ ಆವಿಯಂತ್ರಗಳಲ್ಲಿ ಕುದಿಸುತ್ತವೆ. ಅದಕ್ಕೆ ಬಾಯ್ಲರ್ ಉರಿಸಬೇಕು. ಖರ್ಚು ಜಾಸ್ತಿ. ಖರ್ಚು ಜಾಸ್ತಿ ಇರುವ ಕಡೆ ಕಳ್ಳದಾರಿ ಹುಡುಕುವ ಆಸೆಯೂ ಜಾಸ್ತಿ, ಇದು ಯಾವ ಊರಿಗಾದರೂ ಸತ್ಯ. ಅಲ್ಲಿ ಬಾಯ್ಲರ್ ಇರುವುದರಿಂದ 60-70 ಡಿಗ್ರಿಯ ಬಿಸಿ ನೀರು, ಬಿಸಿ ಗಾಳಿ ಹೇಗೂ ಪೋಲಾಗುತ್ತಿರುತ್ತದೆ. ಬೇರೆ ಯಾವ ಕೆಲಸಕ್ಕೂ ಬಾರದ ಆ ಅರೆಬಿಸಿಯೇ ಈ ಪೊರೆಗೆ ಬೇಕಾದದ್ದು. ಎಂಇಇಗೆ ಹೋಗುವ ನೀರನ್ನು ಮೊದಲು ಪೊರೆಯಲ್ಲಿ ಅರ್ಧಕ್ಕೆ ಇಳಿಸಿದರೆ ಕುದಿಸುವ ಖರ್ಚು ಆ ಮಟ್ಟಿಗೆ ಉಳಿಯುತ್ತದೆ.

ಇಲ್ಲೊಂದು ಎಚ್ಚರ. ಔಷಧ ಕಾರ್ಖಾನೆಯ ನೀರಿನಲ್ಲಿ ದ್ರಾವಕಗಳಿರುತ್ತವೆ. ಅವು ನೀರಿಗಿಂತ ಬೇಗ ಆವಿಯಾಗಿ, ಪೊರೆ ದಾಟಿ ಶುದ್ಧ ನೀರಿನ ಬದಿಗೇ ಬರುತ್ತವೆ. ಅಮೋನಿಯಾ ಕೂಡ ಹಾಗೇ. ಜೊತೆಗೆ ಪೊರೆಯನ್ನು ಒದ್ದೆ ಮಾಡುವುದೂ ಇವೇ. ನೀರು, ಎಣ್ಣೆ ಎರಡನ್ನೂ ತಡೆಯುವ ಸಿಲಿಕಾ ಪೊರೆ ಒದ್ದೆಯಾಗುವುದನ್ನು ತಡೆಯಬಹುದು, ದ್ರಾವಕದ ಆವಿಯನ್ನು ತಡೆಯಲಾರದು. ಮೊದಲೇ ದ್ರಾವಕ ತೆಗೆಯುವ ವ್ಯವಸ್ಥೆ ಇಲ್ಲದಿದ್ದರೆ ಎಂಥ ಪೊರೆ ತಂದರೂ ಪ್ರಯೋಜನ ಇಲ್ಲ.

ಬಿಸಿ ಅಂದ ತಕ್ಷಣ ನಮ್ಮ ಜನಕ್ಕೆ ನೆನಪಾಗುವುದು ಸಿಮೆಂಟ್ ಕಾರ್ಖಾನೆ. ವಾಡಿ, ಮಳಖೇಡ, ಸೇಡಂ, ಚಿತ್ತಾಪುರ ಸುತ್ತ ಅವು ಬೇಕಾದಷ್ಟಿವೆ. ಆದರೆ ಗೂಡಿನಿಂದ ಬರುವ 300 ಡಿಗ್ರಿಯ ಗಾಳಿಯಿಂದ ವಿದ್ಯುತ್ ತೆಗೆಯುವುದೇ ಲಾಭ, ಹಾಗೆ ಮಾಡುವ ತಂತ್ರ ಸಿಮೆಂಟ್ ಉದ್ಯಮದಲ್ಲಿ ಈಗಾಗಲೇ ಬೇರೂರಿದೆ. ಅದಾದ ಮೇಲೂ ಉಳಿಯುವ ಶಾಖ ಪೊರೆಗೆ ಸಾಕು, ಆದರೆ ಅಲ್ಲಿ ಶುದ್ಧ ಮಾಡಬೇಕಾದ ಉಪ್ಪು ನೀರು ಕಡಿಮೆ. ಸುತ್ತಲಿನ ಹಳ್ಳಿಗಳ ಹಿಂದಿನ ಪೈಪಿನ ನೀರನ್ನು ಟ್ಯಾಂಕರಿನಲ್ಲಿ ತಂದು ಅಲ್ಲಿ ಸುರಿದರೆ? ಡೀಸೆಲ್ ಲೆಕ್ಕ ಹಾಕಿದರೆ ಉತ್ಸಾಹ ಇಳಿಯುತ್ತದೆ. ಕಾರ್ಖಾನೆಯ ಕಾಂಪೌಂಡಿಗೆ ಅಂಟಿಕೊಂಡೇ ಇರುವ ಊರಿಗಾದರೆ ಯೋಚಿಸಬಹುದು. ಆಳಂದ, ಅಫಜಲಪುರ, ಹುಮನಾಬಾದ್, ಭಾಲ್ಕಿ ಕಡೆಯ ಸಕ್ಕರೆ ಕಾರ್ಖಾನೆಗಳಲ್ಲೂ ಬಿಸಿ ಇದೆ, ಆದರೆ ಕಬ್ಬು ಅರೆಯುವ ತಿಂಗಳುಗಳಲ್ಲಿ ಮಾತ್ರ. ನೀರಿಗೆ ಪರದಾಟ ಶುರುವಾಗುವ ಏಪ್ರಿಲ್-ಮೇಗೆ ಅವು ನಿಂತಿರುತ್ತವೆ.

ಹಳ್ಳಿಯ ಮಟ್ಟದಲ್ಲಿ ನನಗೆ ಸರಿ ಕಾಣುವ ಜಾಗ ಒಂದೇ: ಆರ್ಸೆನಿಕ್ ಇರುವ ಊರುಗಳು. ಸುರಪುರ ತಾಲ್ಲೂಕಿನ ಮಂಗಳೂರು ಬಂಗಾರದ ಗಣಿ ಪಟ್ಟಿಯ ಸುತ್ತ, ಕಿರದಳ್ಳಿ ತಾಂಡಾದಲ್ಲಿ, ಅಂತರ್ಜಲದಲ್ಲಿ ಆರ್ಸೆನಿಕ್ ಇರುವುದು, ಜನರ ಚರ್ಮದ ಮೇಲೆ ಅದರ ಗುರುತು ಮೂಡಿದ್ದು ದಾಖಲಾಗಿ ಹತ್ತು ವರ್ಷದ ಮೇಲಾಯಿತು. ಕುಡಿಯುವ ನೀರಿನಲ್ಲಿ ಆರ್ಸೆನಿಕ್ ಮಿತಿ ಲೀಟರಿಗೆ 10 ಮೈಕ್ರೊಗ್ರಾಂ. ಆರ್ಸೆನಿಕ್ ನೀರಲ್ಲಿ ಎರಡು ರೂಪದಲ್ಲಿರುತ್ತದೆ. ಒಂದಕ್ಕೆ ವಿದ್ಯುದಾವೇಶ ಇರುತ್ತದೆ, ಆರ್‌ಒ ಅದನ್ನು ಚೆನ್ನಾಗಿ ತಡೆಯುತ್ತದೆ. ಇನ್ನೊಂದಕ್ಕೆ ಇರುವುದಿಲ್ಲ, ಅದು ಆರ್‌ಒ ಪೊರೆಯಲ್ಲೂ ಒಂದಷ್ಟು ನುಸುಳುತ್ತದೆ. ಜಾಸ್ತಿ ವಿಷಕಾರಿ ಈ ಎರಡನೆಯದೇ. ಆವಿಯ ದಾರಿಯಲ್ಲಿ ಎರಡೂ ದಾಟುವುದಿಲ್ಲ. ತಾಂಡಾದಂಥ ಸಣ್ಣ ಊರಿಗೆ ಅಡುಗೆಗೆ, ಕುಡಿಯಲು ಮಾತ್ರ ಬೇಕಾದ ನೀರಿನ ಪ್ರಮಾಣವೂ ಕಡಿಮೆ. ಗುಂಟೆಯ ಲೆಕ್ಕ ಅಲ್ಲಿ ಹೆದರಿಸುವುದಿಲ್ಲ. ಹೀಗೆ ಸಿಕ್ಕ ನೀರಿನಲ್ಲಿ ಲವಣವೇ ಇರುವುದಿಲ್ಲ, ಕುಡಿಯಲು ಸಪ್ಪೆ. ಸ್ವಲ್ಪ ಸುಣ್ಣಕಲ್ಲಿನ ಹಾಸಿನ ಮೇಲೆ ಹರಿಸಿದರೆ ರುಚಿ ಸರಿಹೋಗುತ್ತದೆ. ಆ ಕಲ್ಲಿಗಂತೂ ನಮ್ಮಲ್ಲಿ ಬರ ಇಲ್ಲ.

ಪ್ಯಾಕೆಟ್ ಉಪ್ಪಿನ ನೀರು ಬೇರೆ, ನಮ್ಮ ನೀರು ಬೇರೆ

ಈಗ ಗಸಿಯ ವಿಷಯ. ಪ್ರಯೋಗಾಲಯಗಳಲ್ಲಿ ಬಹಳಷ್ಟು ಸಲ ಪೊರೆಯನ್ನು ಪರೀಕ್ಷೆ ಮಾಡುವುದು ಶುದ್ಧ ನೀರಿಗೆ ಲೀಟರಿಗೆ 35 ಗ್ರಾಂ ಅಡುಗೆ ಉಪ್ಪು ಹಾಕಿ. ಅಡುಗೆ ಉಪ್ಪು ಬಹಳ ಸಾಧು. ನೀರು ಬಿಸಿಯಾದಷ್ಟೂ ಸ್ವಲ್ಪ ಜಾಸ್ತಿಯೇ ಕರಗುತ್ತದೆ, ಗಟ್ಟಿಯಾಗಿ ಅಂಟುವುದಿಲ್ಲ. ನಮ್ಮ ನೀರು ಹಾಗಲ್ಲ. ಶಹಾಬಾದ್ ಕಲ್ಲು, ಸೇಡಂನ ಸುಣ್ಣಕಲ್ಲು, ಕಪ್ಪು ಬಸಾಲ್ಟ್ ಬಂಡೆಗಳ ಸಂದಿಯಿಂದ ಬರುವ ನೀರು ಗಡಸು. ಅದರಲ್ಲಿ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಇರುತ್ತದೆ. ಕಾಯಿಸಿದರೆ ಅದು ಸುಣ್ಣವಾಗಿ ಕೂರುತ್ತದೆ. ನೀರು ಕಾಯಿಸುವ ಹಂಡೆಯ ತಳದಲ್ಲಿ, ಗೀಸರಿನ ಕಾಯಿಲಿನ ಮೇಲೆ ಚಿಪ್ಪುಚಿಪ್ಪಾಗಿ ಏಳುವ ಬಿಳಿ ಪದರ ಇದೇ. ಜಿಪ್ಸಂ ಕೂಡ 40 ಡಿಗ್ರಿ ದಾಟಿದ ಮೇಲೆ ಕರಗುವುದು ಕಡಿಮೆಯಾಗುತ್ತದೆ. ಅಂದರೆ ಪೊರೆಗೆ ಬೇಕಾದ ಬಿಸಿಯೇ ಗಸಿಗೂ ಬೇಕಾದದ್ದು. ಅದೂ ಆರ್‌ಒ ಬಿಟ್ಟ ನೀರಾದರೆ ಕ್ಯಾಲ್ಸಿಯಂ ಮೊದಲೇ ಎರಡು ಪಟ್ಟಾಗಿರುತ್ತದೆ. ಹರಳು ಮೊದಲು ಹುಟ್ಟುವುದು ರಂಧ್ರದ ಬಾಯಲ್ಲಿ. ಅಲ್ಲಿ ಬೆಳೆದು ಬಾಯಿ ಮುಚ್ಚುತ್ತದೆ, ಕೆಲವೊಮ್ಮೆ ಒಳಗೂ ಬೆಳೆದು ನೀರಿಗೆ ದಾರಿ ಮಾಡಿಕೊಡುತ್ತದೆ.

ತಾವರೆ ಎಲೆಯಂಥ ಮೈ ಇದ್ದರೆ ಹರಳು ಬೇಗ ಹಿಡಿಯುವುದಿಲ್ಲ ಅಂತ ಪ್ರಯೋಗಗಳು ತೋರಿಸಿವೆ. ಹಿಡಿಯುವುದನ್ನು ತಡ ಮಾಡುತ್ತದೆ, ನಿಲ್ಲಿಸುವುದಿಲ್ಲ. ಮೊದಲೇ ನೀರನ್ನು ಮೆದು ಮಾಡುವುದು, ಆಮ್ಲ ಹಾಕಿ ಆಗಾಗ ತೊಳೆಯುವುದು ತಪ್ಪಿದ್ದಲ್ಲ. ತೊಳೆದಷ್ಟೂ ಮೇಲಿನ ನ್ಯಾನೊ ಲೇಪ ಸವೆಯುತ್ತದೆ. ಸವೆದ ಕಣ ಎಲ್ಲಿಗೆ ಹೋಗುತ್ತದೆ? ಬಹುತೇಕ ಬಿಸಿ ಬದಿಯ ನೀರಿಗೆ, ಅಲ್ಲಿಂದ ಹೊರಗೆ. ಫ್ಲೋರಿನ್ ಲೇಪದ ಮೇಲೆ ಇನ್ನೊಂದು ಆಕ್ಷೇಪ ಇದೆ. ಪ್ರಕೃತಿಯಲ್ಲಿ ಕೊಳೆಯದೇ ಉಳಿಯುವ ಫ್ಲೋರಿನ್ ರಾಸಾಯನಿಕಗಳ ಇಡೀ ಗುಂಪಿಗೇ ಕಡಿವಾಣ ಹಾಕುವ ಪ್ರಸ್ತಾವವನ್ನು ಯುರೋಪು 2023ರಲ್ಲಿ ಪ್ರಕಟಿಸಿತು. ಪಿವಿಡಿಎಫ್, ಟೆಫ್ಲಾನ್ ಕೂಡ ಆ ಗುಂಪಿನವೇ. ಪೊರೆ ಮಾಡಲು ಬಳಸುವ ಡಿಎಂಎಫ್ ದ್ರಾವಕವೂ ಯಕೃತ್ತಿಗೆ ಒಳ್ಳೆಯದಲ್ಲ. ಫ್ಲೋರೈಡ್ ತೆಗೆಯೋಕೆ ಹೋಗಿ ಬೇರೊಂದು ಫ್ಲೋರಿನ್ ಬಿಟ್ಟುಬರುವ ಹಾಗಾಗಬಾರದು ಅಲ್ವಾ? ಫ್ಲೋರಿನ್ ಇಲ್ಲದ ಲೇಪಗಳ ಹುಡುಕಾಟ ನಡೆದಿರುವುದು ಇದಕ್ಕೇ.

ಮತ್ತೆ ಆಯುಷ್ಯ. ಆರ್‌ಒ ಪೊರೆ ಚೆನ್ನಾಗಿ ನೋಡಿಕೊಂಡರೆ ಮೂರರಿಂದ ಐದು ವರ್ಷ ಬರುತ್ತದೆ. ನ್ಯಾನೊ ಪೊರೆಗಳ ಬಹಳಷ್ಟು ಪರೀಕ್ಷೆಗಳು ಇನ್ನೂ ಗಂಟೆಗಳ ಲೆಕ್ಕದಲ್ಲೇ ಇವೆ, ಅದೂ ಅಂಗೈ ಅಗಲದ ತುಂಡಿನ ಮೇಲೆ.

ಕಲಬುರಗಿಯಲ್ಲಿ ಎಂಜಿನಿಯರಿಂಗ್ ಕಾಲೇಜುಗಳಿವೆ, ಗುಲಬರ್ಗಾ ವಿಶ್ವವಿದ್ಯಾಲಯ ಇದೆ, ಕಡಗಂಚಿಯಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯ ಇದೆ. ಇಲ್ಲಿನ ಹುಡುಗರು ಈ ಕೆಲಸಕ್ಕೆ ಕೈ ಹಾಕುವುದಾದರೆ ಹೊಸದೊಂದು ನ್ಯಾನೊ ಕಣ ಹುಡುಕುವುದಕ್ಕಿಂತ ಮೊದಲು ಮಾಡಬಹುದಾದ ಕೆಲಸ ಒಂದಿದೆ. ಅಂಗಡಿಯಲ್ಲಿ ಸಿಗುವ ಸಾದಾ ಪೊರೆ ಒಂದು, ಸಿಲಿಕಾ ಲೇಪದ್ದು ಒಂದು, ಮಸಿ ಲೇಪದ್ದು ಒಂದು. ಮೂರನ್ನೂ ಅಕ್ಕಪಕ್ಕ ಇಟ್ಟು, ಯಾವುದಾದರೂ ಹಳ್ಳಿಯ ಘಟಕದ ಹಿಂದಿನ ಪೈಪಿನಿಂದ ಹಿಡಿದ ನೀರನ್ನೇ ಏಪ್ರಿಲಿನಿಂದ ಜೂನ್ ತನಕ ಹರಿಸಬೇಕು. ಬರೆದುಕೊಳ್ಳಬೇಕಾದದ್ದು ನಾಲ್ಕು: ದಿನಕ್ಕೆ ಎಷ್ಟು ನೀರು ಬಂತು, ಎಷ್ಟು ಶಾಖ ಹೋಯಿತು, ಎಷ್ಟು ದಿನಕ್ಕೊಮ್ಮೆ ತೊಳೆಯಬೇಕಾಯಿತು, ಬಂದ ನೀರಿನ ಟಿಡಿಎಸ್ ಯಾವ ದಿನ ಏರತೊಡಗಿತು. ಜೊತೆಗೆ ಕೊನೆಗೆ ಉಳಿದ ಗಟ್ಟಿ ಉಪ್ಪನ್ನು ತೂಕ ಹಾಕಬೇಕು. ಟಿಡಿಎಸ್ 4,000 ಇರುವ ಸಾವಿರ ಲೀಟರ್ ನೀರು ಪೂರ್ತಿ ಒಣಗಿದರೆ ನಾಲ್ಕು ಕಿಲೊ ಉಪ್ಪು. ದಿನಕ್ಕೆ ಹತ್ತು ಸಾವಿರ ಲೀಟರ್ ಹಿಂದಕ್ಕೆ ಬಿಡುವ ಘಟಕದಲ್ಲಿ ಅದು 40 ಕಿಲೊ, ತಿಂಗಳಿಗೆ 1,200 ಕಿಲೊ. ಅದನ್ನು ತಿನ್ನುವ ಹಾಗಿಲ್ಲ, ಹೊಲಕ್ಕೆ ಹಾಕುವ ಹಾಗಿಲ್ಲ. ಮಳೆ ಬೀಳದ ಜಾಗದಲ್ಲಿ ಚೀಲ ಕಟ್ಟಿ ಇಡಬೇಕು, ಲಾರಿಯಲ್ಲಿ ಸಾಗಿಸಬೇಕು. ಆ ಲಾರಿಯ ಬಾಡಿಗೆ ಗ್ರಾಮ ಪಂಚಾಯಿತಿ ಕೊಡುತ್ತದಾ, ಜಿಲ್ಲಾ ಪಂಚಾಯಿತಿ ಕೊಡುತ್ತದಾ ಅನ್ನುವುದನ್ನು ಪೊರೆ ತರಿಸುವ ಮೊದಲೇ ಬರೆದಿಟ್ಟುಕೊಳ್ಳಬೇಕು.